ತಗ್ಗಿಸಿದ ಕಾರಿನ ಮುಂಚಕ್ರಗಳು

ಓಟದ ಪಂದ್ಯಗಳಲ್ಲಿ ನೆಲವನ್ನು ಸವರಿಕೊಂಡು ಹೋಗುವಂತಹ ಕಾರುಗಳನ್ನು ಕಂಡ ತರುಣರಿಗೆ, ಮನೆಯ ಕಾರನ್ನೂ ಹಾಗೆಯೇ ತಗ್ಗಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಗುರುತ್ವಕೇಂದ್ರವು ನೆಲಕ್ಕೆ ಹತ್ತಿರವಾದಷ್ಟೂ ತಿರುವುಗಳಲ್ಲಿ ಹೊರಬದಿಯ ಚಕ್ರಗಳ ಮೇಲೆ ಬೀಳುವ ಹೆಚ್ಚಿನ ಭಾರ ಕಡಮೆಯಾಗುವುದೆಂಬುದು ಭೌತಶಾಸ್ತ್ರಕ್ಕೆ ಸಮ್ಮತವಾದ ಮಾತೇ. ಎಂತಲೇ ಮೂಲ ಸ್ಪ್ರಿಂಗುಗಳನ್ನು ತೆಗೆದು ಗಿಡ್ಡನೆಯವನ್ನು ಜೋಡಿಸುವ ಪದ್ಧತಿ ಬಳಕೆಗೆ ಬಂದಿದೆ. ಆದರೆ ಹೀಗೆ ತಗ್ಗಿಸಿದ ಕಾರುಗಳಲ್ಲಿ ಮುಂದಿನ ಟೈರುಗಳ ಒಳ ಅಂಚು ಬಹು ಬೇಗ ಸವೆಯುವುದೂ, ಹಳ್ಳದಿಣ್ಣೆಗಳ ಮೇಲೆ ಹಾಯುವಾಗ ಕಾರು ತಾನಾಗಿ ಪಕ್ಕಕ್ಕೆ ಸರಿಯುವುದೂ ಉಂಟು. ಬದಲಾದದ್ದು ಸ್ಪ್ರಿಂಗು ಮಾತ್ರ. ಚಕ್ರದ ದಿಕ್ಕು ಕೆಡಲು ಕಾರಣವೇನು? ಉತ್ತರವು ಶಾಲೆಯಲ್ಲಿ ಕಲಿತ ರೇಖಾಗಣಿತದಲ್ಲಿಯೇ ಇದೆ.

ಮುಂಚಕ್ರದ ನಿಲುವನ್ನು ಮುಖ್ಯವಾಗಿ ಮೂರು ಅಳತೆಗಳಿಂದ ಹೇಳುತ್ತಾರೆ. ಕಾರಿನ ಎದುರು ನಿಂತು ನೋಡಿದಾಗ ಚಕ್ರವು ವಾಲಿರುವ ಕೋನವೇ ಕ್ಯಾಂಬರ್. ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ಮೇಲಿನಿಂದ ನೋಡಿದಾಗ, ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಣ ಅಂತರಕ್ಕೂ ಹಿಂದಿನ ಅಂಚುಗಳ ನಡುವಣ ಅಂತರಕ್ಕೂ ಇರುವ ವ್ಯತ್ಯಾಸವೇ ಟೋ. ಮುಂದಿನ ಅಂತರ ಕಿರಿದಾಗಿದ್ದರೆ ಟೋ-ಇನ್, ಹಿರಿದಾಗಿದ್ದರೆ ಟೋ-ಔಟ್. ಇನ್ನು, ಸ್ಟೀರಿಂಗನ್ನು ತಿರುಗಿಸಿದಾಗ ಚಕ್ರವು ಯಾವ ಅಕ್ಷದ ಸುತ್ತ ಹೊರಳುವುದೋ, ಪಕ್ಕದಿಂದ ಕಾಣುವ ಆ ಅಕ್ಷದ ಓರೆಯೇ ಕ್ಯಾಸ್ಟರ್. ತಿರುವು ಮುಗಿದ ಬಳಿಕ ಸ್ಟೀರಿಂಗ್ ನೇರಕ್ಕೆ ಮರಳಲು ಇದು ನೆರವಾಗುತ್ತದೆ.

ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು, ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್ ಬಗೆಯ ಸಸ್ಪೆನ್ಷನ್. 1983ರಲ್ಲಿ ಭಾರತದ ರಸ್ತೆಗಿಳಿದ ಮಾರುತಿ 800 ಕಾರಿನ ಮುಂಚಕ್ರಗಳಿಗೂ ಇದೇ ಆಧಾರವಾಗಿತ್ತು. ಇದರಲ್ಲಿ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳು ಕೂಡಿದ ಕಂಬವೊಂದು ಚಕ್ರದ ಬಳಿಯಿಂದ ಮೇಲೆದ್ದು ಕಾರಿನ ಒಡಲನ್ನು ಸೇರುತ್ತದೆ. ಕೆಳಗೆ ಒಂದು ಅಡ್ಡತೋಳು. ಅದರ ಒಳತುದಿ ಒಡಲಿಗೂ, ಹೊರತುದಿ ಬಾಲ್ ಜಾಯಿಂಟಿನ ಮೂಲಕ ಚಕ್ರದ ಆಧಾರಕ್ಕೂ ಸೇರಿವೆ. ಇವಲ್ಲದೆ, ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಟೈ ರಾಡ್ ಎಂಬ ಸರಳೊಂದು ಉಂಟು.

ಅಡ್ಡತೋಳಾಗಲಿ ಟೈ ರಾಡ್ ಆಗಲಿ ತನ್ನ ಒಳತುದಿಯ ಸುತ್ತ ಕಂಸದಲ್ಲಿ ಚಲಿಸಬಲ್ಲುದೇ ಹೊರತು ನೇರವಾಗಿ ಮೇಲೆ ಕೆಳಗೆ ಚಲಿಸಲಾರದು. ಲೆಕ್ಕ ಸುಲಭವಾಗಲೆಂದು, 300 ಮಿಲಿಮೀಟರ್ ಉದ್ದದ ಅಡ್ಡತೋಳು ಮತ್ತು 250 ಮಿಲಿಮೀಟರ್ ಉದ್ದದ ಟೈ ರಾಡ್ ಎರಡೂ ಮೊದಲು ನೆಲಕ್ಕೆ ಸಮಾಂತರವಾಗಿವೆಯೆಂದು ಭಾವಿಸೋಣ. ಕಾರಿನ ಒಡಲನ್ನು 40 ಮಿಲಿಮೀಟರ್ ತಗ್ಗಿಸಿದರೆ ಎರಡರ ಹೊರತುದಿಗಳೂ ಒಡಲಿಗೆ ಹೋಲಿಸಿದಂತೆ ಅಷ್ಟೇ ಮೇಲೇರುತ್ತವೆ. ಪೈಥಾಗೊರಸನ ಪ್ರಮೇಯದಂತೆ ಅಡ್ಡತೋಳಿನ ತುದಿ ಸುಮಾರು 2.7 ಮಿಲಿಮೀಟರಿನಷ್ಟೂ, ಟೈ ರಾಡಿನ ತುದಿ ಸುಮಾರು 3.2 ಮಿಲಿಮೀಟರಿನಷ್ಟೂ ಒಳಕ್ಕೆ ಸರಿಯುತ್ತವೆ. ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಆದರೆ ಟೈ ರಾಡ್ ಚಕ್ರವನ್ನು ಹಿಂದುಗಡೆಯಿಂದ, ಅಕ್ಷಕ್ಕೆ 120 ಮಿಲಿಮೀಟರ್ ದೂರದಲ್ಲಿ ಹಿಡಿದಿದ್ದರೆ, ಅಷ್ಟರಿಂದಲೇ ಚಕ್ರವು ಕಾಲು ಡಿಗ್ರಿಯಷ್ಟು ಹೊರಕ್ಕೆ ಮುಖಮಾಡುತ್ತದೆ. ಎರಡೂ ಚಕ್ರಗಳು ಸೇರಿ, 350 ಮಿಲಿಮೀಟರ್ ವ್ಯಾಸದ ರಿಮ್ಮಿನ ಅಂಚುಗಳಲ್ಲಿ ಅಳೆದಾಗ, 3 ಮಿಲಿಮೀಟರಿಗೂ ಮಿಗಿಲಾದ ಟೋ-ಔಟ್ ಉಂಟಾಗುತ್ತದೆ.

ಕಾಲು ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ಇಂತಹ ಚಕ್ರವು ಒಂದು ಕಿಲೋಮೀಟರ್ ಉರುಳುವಾಗ, ಅದನ್ನು ಸುಮಾರು ನಾಲ್ಕೂವರೆ ಮೀಟರ್ ಅಡ್ಡಕ್ಕೆ ಎಳೆದಂತಾಗುತ್ತದೆ. ಟೈರಿನ ರಬ್ಬರು ಈ ಎಳೆತಕ್ಕೇ ತೇಯುತ್ತದೆ. ಜೊತೆಗೆ ಋಣ ಕ್ಯಾಂಬರೂ ಇದ್ದರೆ ಸವೆತವೆಲ್ಲ ಒಳ ಅಂಚಿನಲ್ಲಿ ಕೇಂದ್ರೀಕೃತವಾಗುತ್ತದೆ.

ಕ್ಯಾಂಬರಿನ ಕಥೆ ಇನ್ನೂ ಸ್ವಾರಸ್ಯವಾದುದು. ಅನೇಕ ಕಾರುಗಳಲ್ಲಿ ಅಡ್ಡತೋಳು ಮೊದಲು ಚಕ್ರದ ಕಡೆಗೆ ಇಳಿಜಾರಾಗಿರುತ್ತದೆ. ಕಾರನ್ನು ತಗ್ಗಿಸಿದಂತೆ ತೋಳು ಸಮತಲಕ್ಕೆ ಬಂದು, ಚಕ್ರದ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಕಂಬದ ತಲೆ ಒಡಲಿಗೆ ಬಿಗಿದಿರುವುದರಿಂದ ಋಣ ಕ್ಯಾಂಬರ್ ಹೆಚ್ಚುತ್ತದೆ. ಆದರೆ ಇದಕ್ಕೊಂದು ಮಿತಿಯುಂಟು. ಬಾಲ್ ಜಾಯಿಂಟಿನಿಂದ ಕಂಬದ ತಲೆಗೆ ಎಳೆದ ರೇಖೆಗೆ ತೋಳು ಲಂಬವಾದ ಮೇಲೆ, ಚಕ್ರ ಮತ್ತಷ್ಟು ಮೇಲೇರಿದರೆ ಋಣ ಕ್ಯಾಂಬರ್ ಇಳಿಯತೊಡಗುತ್ತದೆ. ಅತಿಯಾಗಿ ತಗ್ಗಿಸಿದ ಕಾರು ತಿರುವಿನಲ್ಲಿ ವಾಲಿದಾಗ ಆಗುವುದು ಇದೇ: ಹೊರಬದಿಯ ಟೈರು ನೆಲವನ್ನು ಅಗಲವಾಗಿ ಹಿಡಿಯಬೇಕಾದ ಗಳಿಗೆಯಲ್ಲಿ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಚೆನ್ನಾಗಿ ತಿರುಗಲೆಂದು ತಗ್ಗಿಸಿದ ಕಾರು ತಿರುವಿನಲ್ಲಿಯೇ ಹಿಡಿತ ಕಳೆದುಕೊಳ್ಳುವುದು ಹೀಗೆ.

ಸರಿಪಡಿಸುವ ಕೆಲಸಕ್ಕೂ ಒಂದು ಕ್ರಮವುಂಟು. ಹೊಸ ಸ್ಪ್ರಿಂಗುಗಳನ್ನು ಜೋಡಿಸಿದ ಬಳಿಕ ಕಾರನ್ನು ಸ್ವಲ್ಪ ದೂರ ಓಡಿಸಿ, ಅವು ತಮ್ಮ ನೆಲೆಗೆ ಕೂರುವಂತೆ ಮಾಡಬೇಕು. ಟೈರುಗಳ ಗಾಳಿ, ಎರಡು ಬದಿಗಳ ಎತ್ತರ, ಜಾಯಿಂಟುಗಳ ಸಡಿಲ ಇವನ್ನು ಪರೀಕ್ಷಿಸಬೇಕು. ಸಡಿಲವಾದ ಜಾಯಿಂಟಿರುವ ಚಕ್ರವನ್ನು ಅಳೆದು ಫಲವಿಲ್ಲ. ಆಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರುಗಳನ್ನು ಸರಿಪಡಿಸಬೇಕು. ಮೂಲದಲ್ಲಿ ಕ್ಯಾಂಬರನ್ನು ಹೊಂದಿಸುವ ಸೌಕರ್ಯವಿಲ್ಲದ ಕಾರುಗಳಲ್ಲಿ, ಕಂಬದ ಬುಡಕ್ಕೆ ವಿಕೇಂದ್ರ ಬೋಲ್ಟನ್ನಾಗಲಿ ಕಂಬದ ತಲೆಗೆ ಸರಿಸಬಲ್ಲ ಫಲಕವನ್ನಾಗಲಿ ಅಳವಡಿಸುವುದುಂಟು. ಟೋ ಎಲ್ಲಕ್ಕೂ ಕೊನೆಯದು. ಏಕೆಂದರೆ ಕ್ಯಾಂಬರನ್ನು ಬದಲಿಸಿದರೆ ಟೋ ಕೂಡ ಬದಲಾಗುತ್ತದೆ. ಸ್ಟೀರಿಂಗನ್ನು ನೇರವಾಗಿರಿಸಿ, ಎಡಬಲದ ಟೈ ರಾಡುಗಳನ್ನು ಸಮನಾಗಿ ಹೊಂದಿಸಬೇಕು. ಎಲ್ಲ ಕಾರುಗಳಿಗೂ ಸಲ್ಲುವ ಒಂದೇ ಅಳತೆಯಿಲ್ಲ. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿನಿ ಕಾರಿಗೆ ತಯಾರಕರೇ ಸುಮಾರು ಒಂದೂವರೆ ಮಿಲಿಮೀಟರ್ ಟೋ-ಔಟ್ ವಿಧಿಸಿದ್ದರು.

ಇಷ್ಟೆಲ್ಲ ಮಾಡಿದರೂ ಒಂದು ದೋಷ ಉಳಿಯಬಹುದು. ಅಳತೆಯ ಯಂತ್ರ ನೋಡುವುದು ನಿಂತ ಕಾರನ್ನು. ರಸ್ತೆಯಲ್ಲಿ ಚಕ್ರವು ಪ್ರತಿ ದಿಣ್ಣೆಗೂ ಏರಿ ಇಳಿಯುತ್ತದೆ. ತೋಳು ಮತ್ತು ಟೈ ರಾಡುಗಳ ಓರೆಗಳು ಒಂದಕ್ಕೊಂದು ಹೊಂದದಿದ್ದರೆ, ಪ್ರತಿ ಏರಿಳಿತದಲ್ಲಿಯೂ ಟೋ ಬದಲಾಗುತ್ತ, ಚಾಲಕನ ಕೈ ಅಲುಗದಿದ್ದರೂ ಚಕ್ರಗಳು ತಾವಾಗಿ ತಿರುಗುತ್ತವೆ. ಇದಕ್ಕೆ ಟೈ ರಾಡಿನ ಉದ್ದವನ್ನು ಹೊಂದಿಸುವುದು ಮದ್ದಲ್ಲ. ಬಾಲ್ ಜಾಯಿಂಟಿನ ಅಥವಾ ಟೈ ರಾಡ್ ತುದಿಯ ಎತ್ತರವನ್ನೇ ಬದಲಿಸಿ ಮೂಲ ಓರೆಗಳನ್ನು ಮರಳಿ ತರಬೇಕು. ಅದು ಆಗದಿದ್ದರೆ ಕಾರನ್ನು ಅಷ್ಟು ತಗ್ಗಿಸದಿರುವುದೇ ಕ್ಷೇಮ.

ಕಾನೂನಿನ ಮಾತೂ ಇಲ್ಲಿದೆ. ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಭಾರತದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧ ವಿಧಿಸುತ್ತದೆ. ಸ್ಪ್ರಿಂಗಿನ ಗಾತ್ರ, ತೋಳಿನ ಓರೆ, ಟೈ ರಾಡಿನ ಎತ್ತರ ಇವೆಲ್ಲವನ್ನೂ ತಯಾರಕರು ಒಂದಕ್ಕೊಂದು ಹೊಂದುವಂತೆ ಎಣಿಸಿ ಇಟ್ಟಿರುತ್ತಾರೆ. ಅವುಗಳಲ್ಲಿ ಒಂದನ್ನು ಬದಲಿಸುವವರು ಉಳಿದವುಗಳ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗುವುದು.