ಗೇಣುದ್ದದ ಕಾರು, ಅರ್ಧ ಶತಮಾನದ ಅಚ್ಚು

ವಸ್ತುವೊಂದರ ಬೆಲೆಯನ್ನು ಲೆಕ್ಕದ ಪುಸ್ತಕ ಒಂದು ರೀತಿಯಲ್ಲಿ ಹೇಳಿದರೆ, ಮಾರುಕಟ್ಟೆ ಮತ್ತೊಂದು ರೀತಿಯಲ್ಲಿ ಹೇಳುವುದುಂಟು. ಅಮೆರಿಕದ ‘ಮಸಲ್ ಕಾರ್’ಗಳ ಪ್ಲಾಸ್ಟಿಕ್ ಮಾದರಿ ಕಿಟ್‌ಗಳು ಇದಕ್ಕೆ ಉತ್ತಮ ನಿದರ್ಶನ. 1960ರ ದಶಕದಲ್ಲಿ ತಯಾರಾದ ಕೆಲವು ಅಚ್ಚುಗಳಿಂದ ಇಂದಿಗೂ ಕಿಟ್‌ಗಳು ಹೊರಬರುತ್ತಿವೆ. ಅವುಗಳನ್ನು ಮಾಡಿಸಿದ ಕಂಪನಿಗಳು ಹಲವು ಬಾರಿ ಕೈ ಬದಲಾದವು. ಅಚ್ಚುಗಳು ಮಾತ್ರ ದುಡಿಯುತ್ತಲೇ ಇವೆ. ಬಿಡುವಿನ ವೇಳೆಯ ಹವ್ಯಾಸದಂತೆ ತೋರುವ ಈ ಪುಟ್ಟ ಉದ್ಯಮದಲ್ಲಿ ಪ್ಲಾಸ್ಟಿಕ್, ಲೋಹ ಮತ್ತು ಬಣ್ಣದ ಕೆಲಸ ಮಾಡುವ ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದ ಅಂಶಗಳು ಹಲವಿವೆ.

ಮಸಲ್ ಕಾರ್ ಎಂದರೇನು?

ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ಕಾರಿನ ಭಾರಿ ಎಂಜಿನ್ ಕೂರಿಸಿದರೆ ಅದೇ ಮಸಲ್ ಕಾರ್. ಈ ವರ್ಗಕ್ಕೆ ಜನಪ್ರಿಯತೆ ತಂದುಕೊಟ್ಟ ಕೀರ್ತಿ 1964ರ ಪಾಂಟಿಯಾಕ್ ಜಿಟಿಒಗೆ ಸಲ್ಲುತ್ತದೆ. ಆ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬುದು ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನ ನಿಯಮವಾಗಿತ್ತು. ಪಾಂಟಿಯಾಕ್ ವಿಭಾಗವು ಜಿಟಿಒವನ್ನು ಪ್ರತ್ಯೇಕ ಕಾರು ಎನ್ನದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿನ ಐಚ್ಛಿಕ ಪ್ಯಾಕೇಜ್ ಎಂದು ಹೆಸರಿಸಿ, 389 ಘನ ಅಂಗುಲದ ಎಂಜಿನ್‌ನೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಬಳಿಕ ಪ್ಲಿಮತ್ ರೋಡ್ ರನ್ನರ್, ಡಾಡ್ಜ್ ಚಾರ್ಜರ್ ಮುಂತಾದವು ಪೈಪೋಟಿಗಿಳಿದವು. 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 454ರ ಎಲ್‌ಎಸ್6 ಎಂಜಿನ್ 450 ಅಶ್ವಶಕ್ತಿಯದ್ದು.

ಈ ವೈಭವ ಹೆಚ್ಚು ಕಾಲ ನಿಲ್ಲಲಿಲ್ಲ. ಏರಿದ ವಿಮಾ ಕಂತು, 1970ರ ಶುದ್ಧ ವಾಯು ಕಾಯ್ದೆ ಮತ್ತು 1973ರ ತೈಲ ಬಿಕ್ಕಟ್ಟು ಸೇರಿ ಇದಕ್ಕೆ ತೆರೆ ಎಳೆದವು. ನಿಜವಾದ ಕಾರುಗಳ ಕಾಲ ಹತ್ತು ವರ್ಷಗಳಷ್ಟೇ. ಅವುಗಳ ಗೇಣುದ್ದದ ಮಾದರಿಗಳ ವ್ಯಾಪಾರ ಆರನೆಯ ದಶಕವನ್ನೂ ದಾಟಿದೆ.

ಪ್ರಚಾರದ ವಸ್ತುವಿನಿಂದ ಕಿಟ್‌ವರೆಗೆ

ಕಿಟ್‌ಗಳ ಮೂಲ ಇರುವುದು ಕಾರು ವ್ಯಾಪಾರಿಗಳ ಪ್ರಚಾರದಲ್ಲಿ. ಎರಡನೆಯ ಮಹಾಯುದ್ಧದ ನಂತರ ಡೆಟ್ರಾಯಿಟ್ ಭಾಗದ ಎಎಂಟಿ, ಜೋ-ಹ್ಯಾನ್ ಮೊದಲಾದ ಸಣ್ಣ ಸಂಸ್ಥೆಗಳು ಹೊಸ ಕಾರುಗಳ ಚಿಕ್ಕ ಪ್ರತಿಕೃತಿಗಳನ್ನು ತಯಾರಿಸಿ ಡೀಲರ್‌ಗಳಿಗೆ ಒದಗಿಸುತ್ತಿದ್ದವು. ಷೋರೂಮಿಗೆ ಬಂದ ಗ್ರಾಹಕರ ಮಕ್ಕಳಿಗೆ ಅವು ಉಡುಗೊರೆಯಾಗುತ್ತಿದ್ದವು. ಆರಂಭದಲ್ಲಿ ಬಳಸಿದ ಅಸಿಟೇಟ್ ಪ್ಲಾಸ್ಟಿಕ್ ಕಾಲಕ್ರಮೇಣ ಸೊಟ್ಟಗಾಗುತ್ತಿತ್ತು; ಪಾಲಿಸ್ಟೈರೀನ್ ಬಂದ ಮೇಲೆ ಆ ದೋಷ ನಿವಾರಣೆಯಾಯಿತು.

ಅದೇ ಅಚ್ಚುಗಳಿಂದ ಬಿಡಿಭಾಗಗಳನ್ನು ಮಾರಿ, ಜೋಡಣೆಯ ಕೆಲಸವನ್ನು ಗ್ರಾಹಕನಿಗೇ ಬಿಟ್ಟರೆ ಹೇಗೆ ಎಂಬ ಆಲೋಚನೆಯಿಂದ ಕಿಟ್ ಹುಟ್ಟಿತು. 1958ರಲ್ಲಿ ಎಎಂಟಿ ‘ತ್ರೀ-ಇನ್-ಒನ್’ ಕಿಟ್ ಹೊರತಂದಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರ್ಖಾನೆಯ ಮೂಲ ರೂಪ, ಅಲಂಕೃತ ರೂಪ, ರೇಸ್ ರೂಪ ಎಂಬ ಮೂರರಲ್ಲಿ ಒಂದನ್ನು ಕಟ್ಟಬಹುದಿತ್ತು. 1963ರಲ್ಲಿ ಜಾರ್ಜ್ ಟೊಟೆಫ್ ಅವರು ಎಂಪಿಸಿ ಸಂಸ್ಥೆಯನ್ನು ಸ್ಥಾಪಿಸಿದರು. ಶಿಕಾಗೊ ಮೂಲದ ಮಾನೊಗ್ರಾಮ್ ಮತ್ತು ಕ್ಯಾಲಿಫೋರ್ನಿಯಾದ ರೆವೆಲ್ ಕೂಡ ಈ ಕ್ಷೇತ್ರದ ಪ್ರಮುಖರು. ಎಎಂಟಿ, ಎಂಪಿಸಿಗಳದ್ದು 1:25ರ ಅಳತೆಯಾದರೆ, ಮಾನೊಗ್ರಾಮ್‌ನದು ಹೆಚ್ಚಾಗಿ 1:24. ಐದು ಮೀಟರ್ ಉದ್ದದ ಕಾರು 1:25ರಲ್ಲಿ 20 ಸೆಂಟಿಮೀಟರ್‌ಗೆ ಇಳಿಯುತ್ತದೆ.

ಜೋಡಣೆಗೆ ಮೊದಲು ತಪಾಸಣೆ

ಪೆಟ್ಟಿಗೆ ತೆರೆದರೆ ಕಾಣುವುದು ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಸುಮಾರು ನೂರು ಬಿಡಿಭಾಗಗಳು. ಎಂಜಿನ್, ಚಾಸಿ, ಒಳಾಂಗಣ, ಗಾಲಿ, ಒಂದೇ ತುಂಡಾಗಿ ಎರಕವಾದ ಹೊರಕವಚ, ಪಾರದರ್ಶಕ ಗಾಜಿನ ಭಾಗ, ಕ್ರೋಮ್ ಹೊಳಪಿನ ಬಂಪರ್‌ಗಳು ಮತ್ತು ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಹಾಳೆ ಅದರಲ್ಲಿರುತ್ತವೆ.

ಅನುಭವಿ ಹವ್ಯಾಸಿ ಕೂಡಲೇ ಅಂಟಿಗೆ ಕೈಹಾಕುವುದಿಲ್ಲ. ಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆಯುತ್ತಾನೆ, ಏಕೆಂದರೆ ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಳಿಕ ತಪಾಸಣೆ. ಅಚ್ಚಿನ ಎರಡು ಭಾಗಗಳು ಕೂಡುವ ಅಂಚು ಸವೆದಿದ್ದರೆ ಭಾಗದ ಸುತ್ತ ಫ್ಲ್ಯಾಶ್ ಎಂಬ ತೆಳು ಪೊರೆ ಮೂಡಿರುತ್ತದೆ. ಪ್ಲಾಸ್ಟಿಕ್ ದಪ್ಪವಾಗಿರುವೆಡೆ ತಣಿಯುವಾಗ ಕುಗ್ಗಿ ಮೇಲ್ಮೈ ತಗ್ಗಿರುತ್ತದೆ. ಹೊರಕವಚದ ಅಚ್ಚು ಹಲವು ತುಂಡುಗಳಿಂದ ಕೂಡಿರುವುದರಿಂದ ಚಾವಣಿಯ ಕಂಬಗಳ ಮೇಲೂ ಮಡ್‌ಗಾರ್ಡ್‌ಗಳ ಮೇಲೂ ಕೂದಲೆಳೆಯಂಥ ಗೆರೆಗಳು ಹಾದುಹೋಗುತ್ತವೆ. ಇವನ್ನು ಚಾಕುವಿನ ಅಂಚಿನಿಂದ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ತಗ್ಗುಗಳಿಗೆ ಪುಟ್ಟಿ ತುಂಬಬೇಕು.

ಅಚ್ಚಿನ ಮಾಲೀಕ ನಿರ್ವಹಣೆಯಲ್ಲಿ ಉಳಿಸಿದ ಖರ್ಚನ್ನು ಹೀಗೆ ಗ್ರಾಹಕ ತನ್ನ ಸಮಯದಿಂದ ಭರಿಸುತ್ತಾನೆ. ಈ ವ್ಯಾಪಾರದಲ್ಲಿ ಅಂತಿಮ ಗುಣಮಟ್ಟ ಪರಿವೀಕ್ಷಕ ಗ್ರಾಹಕನೇ ಎಂದರೆ ಅತಿಶಯೋಕ್ತಿಯಾಗಲಾರದು.

ಪಾಲಿಸ್ಟೈರೀನಿಗೆ ಬಳಸುವ ದ್ರವ ಸಿಮೆಂಟ್ ಸಾಮಾನ್ಯ ಅಂಟಲ್ಲ. ಅದು ಎರಡೂ ಮೈಗಳನ್ನು ಕರಗಿಸಿ ಬೆಸೆಯುವ ದ್ರಾವಕ. ಆದುದರಿಂದ ಬಣ್ಣ ಅಥವಾ ಕ್ರೋಮ್ ಲೇಪದ ಮೇಲೆ ಅದು ನಿಲ್ಲುವುದಿಲ್ಲ. ಕೂಡುವ ಜಾಗವನ್ನು ಕೆರೆದು ಬರಿದು ಮಾಡಲೇಬೇಕು. ಗಾಜಿನ ಭಾಗಕ್ಕೆ ಇದೇ ದ್ರಾವಕ ತಗುಲಿದರೆ ಶಾಶ್ವತ ಕಲೆ ಉಳಿಯುತ್ತದೆ. ಅಲ್ಲಿ ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟೇ ಸೂಕ್ತ.

ಎಂಜಿನ್‌ನ ಬಣ್ಣವೂ ಮನಬಂದಂತೆ ಬಳಿಯುವಂಥದ್ದಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಶೆವ್ರೊಲೆ ಎಂಜಿನ್ ಕಿತ್ತಳೆ, ಪಾಂಟಿಯಾಕ್ ತಿಳಿನೀಲಿ, 1966ರ ನಂತರದ ಫೋರ್ಡ್ ಗಾಢನೀಲಿ. ಬಾನೆಟ್ ಎತ್ತಿದೊಡನೆ ತಯಾರಕನ ಗುರುತು ತಿಳಿಯುವಂತಹ ಈ ಶಿಸ್ತನ್ನು ಹವ್ಯಾಸಿಗಳು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಬಣ್ಣ ದೋಷವನ್ನು ಮುಚ್ಚುವುದಿಲ್ಲ

ಇಡೀ ಕೆಲಸದ ಕಠಿಣ ಘಟ್ಟ ಹೊರಕವಚದ ಬಣ್ಣ. ನಿಜವಾದ ಕಾರಿನ ಬಣ್ಣದ ಪದರ ಸುಮಾರು ಹತ್ತನೇ ಒಂದು ಮಿಲಿಮೀಟರ್ ದಪ್ಪ. ಅದನ್ನು 25ರಿಂದ ಭಾಗಿಸಿದರೆ ಬರುವುದು ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗ. ಅಷ್ಟು ತೆಳು ಲೇಪ ಕೈಗೆಟುಕದು. ಆದರೂ ಪದರ ಎಷ್ಟು ತೆಳುವೋ ಮಾದರಿ ಅಷ್ಟು ಸಹಜ. ದಪ್ಪನೆಯ ಬಣ್ಣ ಬಾಗಿಲಿನ ಸಂದುಗಳನ್ನೂ ಲಾಂಛನದ ಅಕ್ಷರಗಳನ್ನೂ ನುಂಗಿಹಾಕುತ್ತದೆ. ಮೆಟಾಲಿಕ್ ಬಣ್ಣದ ಕಣಗಳೂ ಅತ್ಯಂತ ಸೂಕ್ಷ್ಮವಾಗಿರಬೇಕು. ಇಲ್ಲವಾದರೆ ಪುಟ್ಟ ಕಾರಿನ ಮೇಲೆ ಅಭ್ರಕದ ಚೂರು ಚೆಲ್ಲಿದಂತೆ ಕಾಣುತ್ತದೆ.

ಮೊದಲು ಪ್ರೈಮರ್. ಇದರ ಕೆಲಸ ಎರಡು: ತೀಕ್ಷ್ಣ ದ್ರಾವಕವುಳ್ಳ ಲ್ಯಾಕರ್ ಬಣ್ಣದಿಂದ ಪ್ಲಾಸ್ಟಿಕ್ಕನ್ನು ರಕ್ಷಿಸುವುದು ಮತ್ತು ಉಳಿದ ದೋಷಗಳನ್ನು ಬಯಲಿಗೆ ತರುವುದು. ಬರಿಗಣ್ಣಿಗೆ ಕಾಣದ ಗೆರೆ, ಗೀರುಗಳೆಲ್ಲ ಬೂದುಬಣ್ಣದ ಪ್ರೈಮರ್ ಮೇಲೆ ಎದ್ದು ಕಾಣುತ್ತವೆ. ಆಗ ಮತ್ತೆ ಉಜ್ಜಿ, ಮತ್ತೆ ಪ್ರೈಮರ್ ಹಾಕಬೇಕು. ಕೆಂಪು ಪ್ಲಾಸ್ಟಿಕ್‌ನಲ್ಲಿ ಎರಕವಾದ ಕವಚಕ್ಕೆ ಬಿಳಿ ಬಣ್ಣ ಹಾಕುವುದಾದರೆ ಅಡಿಯ ಕೆಂಪು ಮೇಲಕ್ಕೆ ಒಸರಿ ಗುಲಾಬಿಯಾಗುತ್ತದೆ. ಅದನ್ನು ತಡೆಯಲು ನಡುವೆ ಬೆಳ್ಳಿ ಬಣ್ಣದ ಪದರ ಕೊಡುವುದು ವಾಡಿಕೆ.

ಬಣ್ಣವನ್ನು ಒಂದೇ ಸಲಕ್ಕೆ ಸುರಿಯದೆ ಮಂಜು ಹರಡಿದಂತೆ ಹಗುರ ಪದರಗಳಲ್ಲಿ ಸಿಂಪಡಿಸಬೇಕು. ಲ್ಯಾಕರ್ ಮೇಲೆ ಎನಾಮಲ್ ನಿಲ್ಲುತ್ತದೆ. ಎನಾಮಲ್ ಮೇಲೆ ಲ್ಯಾಕರ್ ಹಾಕಿದರೆ ಅಡಿಯ ಪದರ ಸುಕ್ಕುಗಟ್ಟುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದ ದಿನ ಲ್ಯಾಕರ್ ಸಿಂಪಡಿಸಿದರೆ ಹೊಳಪಿನ ಬದಲು ಬೆಳ್ಳನೆಯ ಮಬ್ಬು ಕವಿಯುತ್ತದೆ. ಬಣ್ಣ ಪೂರ್ಣ ಒಣಗಿತೇ ಎಂಬುದಕ್ಕೆ ಹವ್ಯಾಸಿಗಳ ಪರೀಕ್ಷೆ ಸರಳ: ಮೂಗಿನ ಬಳಿ ಹಿಡಿದಾಗ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ. ಎನಾಮಲ್‌ಗೆ ಇದು ಹಲವು ದಿನಗಳ ಕಾಯುವಿಕೆ. ಅನಂತರ 2000ದಿಂದ 12000ದವರೆಗಿನ ನಯ ಶ್ರೇಣಿಯ ಬಟ್ಟೆಗಳಿಂದ ನೀರು ಹಾಕಿ ಉಜ್ಜಿ, ಪಾಲಿಷ್ ಮಾಡಿದಾಗ ಕನ್ನಡಿಯಂಥ ಮೇಲ್ಮೈ ದೊರೆಯುತ್ತದೆ. 1970ರ ಡಾಡ್ಜ್ ಕಾರುಗಳ ‘ಪ್ಲಮ್ ಕ್ರೇಜಿ’ ನೇರಳೆ, ‘ಗೋ ಮ್ಯಾಂಗೋ’ ಕಿತ್ತಳೆಗಳಂಥ ಕಣ್ಣು ಕುಕ್ಕುವ ವರ್ಣಗಳು ಇಂಥ ಮೇಲ್ಮೈಯಲ್ಲೇ ಶೋಭಿಸುತ್ತವೆ.

ಕಿಟಕಿಯ ಸುತ್ತಲಿನ ಲೋಹದ ಪಟ್ಟಿಗೆ ಬೆಳ್ಳಿ ಬಣ್ಣ ಬಳಿಯುವುದಕ್ಕಿಂತ, ಹಿಂಬದಿಯಲ್ಲಿ ಅಂಟಿರುವ ಅತಿ ತೆಳುವಾದ ಲೋಹದ ಹಾಳೆಯನ್ನು ಒತ್ತಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸುವುದು ಮೇಲು. ಮಿಷಿಗನ್ ರಾಜ್ಯದ ಬೇರ್-ಮೆಟಲ್ ಫಾಯಿಲ್ ಎಂಬ ಸಣ್ಣ ಸಂಸ್ಥೆ ಈ ಒಂದು ವಸ್ತುವಿನಿಂದಲೇ ಹವ್ಯಾಸಿಗಳ ನಡುವೆ ಮನೆಮಾತಾಗಿದೆ. ಕಿಟ್ ತಯಾರಿಕೆಗೆ ಭಾರಿ ಬಂಡವಾಳ ಬೇಕು. ಅದರ ಕೊರತೆಯೊಂದನ್ನು ತುಂಬುವ ವಸ್ತುವಿಗೆ ಅಷ್ಟು ಬೇಕಿಲ್ಲ. ರೆಸಿನ್ ಗಾಲಿಗಳು, ಬದಲಿ ಡಿಕಾಲ್‌ಗಳು, ಮೂಲ ಕಾರಿನ ವರ್ಣಸಂಖ್ಯೆಗೆ ಹೊಂದುವ ಬಣ್ಣದ ಸೀಸೆಗಳು, ಇವೆಲ್ಲ ಸಣ್ಣ ಉತ್ಪಾದಕರ ಪಾಲಿನ ವ್ಯಾಪಾರ.

ಅಚ್ಚು ಉಳಿಸಿದವರು, ಅಚ್ಚು ತಿದ್ದಿದವರು

ಇನ್ನು ಉದ್ಯಮದ ಲೆಕ್ಕಾಚಾರಕ್ಕೆ ಬರಬಹುದು. 1960ರ ದಶಕದಲ್ಲಿ ಪ್ರತಿ ವರ್ಷ ಕಾರಿನ ರೂಪ ಬದಲಾಗುತ್ತಿತ್ತು, ಕಿಟ್ ಕೂಡ ಅದೇ ವರ್ಷ ಬರಬೇಕಿತ್ತು. ಹೊಸ ಅಚ್ಚಿನ ವೆಚ್ಚ ಉಳಿಸಲು ಕಂಪನಿಗಳು ಹಳೆಯ ಅಚ್ಚನ್ನೇ ಕೊರೆದು, ತುಂಬಿ ತಿದ್ದಿದವು. ಈ ವರ್ಷದ ಗ್ರಿಲ್‌ಗಾಗಿ ಕಳೆದ ವರ್ಷದ ಗ್ರಿಲ್ ಅಳಿಯಿತು. ಅಂದಿನ ಲೆಕ್ಕಕ್ಕೆ ಅದು ಸರಿಯಾದ ಮಿತವ್ಯಯವೇ. ಆದರೆ ಆ ಹುಡುಗರು ಬೆಳೆದು, ಕೈಯಲ್ಲಿ ಹಣವಿಟ್ಟುಕೊಂಡು, ಬಾಲ್ಯದ ಕಿಟ್‌ಗಳನ್ನು ಹುಡುಕಿ ಬಂದಾಗ ಹಲವು ಮಾದರಿಗಳನ್ನು ಮರುಮುದ್ರಿಸಲು ಅಚ್ಚೇ ಇರಲಿಲ್ಲ. ತಿದ್ದದೆ ಉಳಿದ ಅಚ್ಚುಗಳು ಮಾತ್ರ ಹೊಸ ಪೆಟ್ಟಿಗೆ, ಹೊಸ ಡಿಕಾಲ್‌ಗಳೊಂದಿಗೆ ಮತ್ತೆ ಮತ್ತೆ ಫಲ ಕೊಟ್ಟವು.

ಒಡೆತನದ ಸರಣಿಯೂ ಇದನ್ನೇ ಹೇಳುತ್ತದೆ. ಎಎಂಟಿ 1978ರಲ್ಲಿ ಬ್ರಿಟನ್ನಿನ ಲೆಸ್ನಿ ಸಂಸ್ಥೆಯ ಪಾಲಾಗಿ, 1980ರ ದಶಕದಲ್ಲಿ ಅರ್ಟಲ್ ಕಂಪನಿಗೆ ಹೋಯಿತು. ಎಂಪಿಸಿಯೂ ಅಲ್ಲಿಗೇ ಸೇರಿತು. 2012ರಲ್ಲಿ ಇಂಡಿಯಾನಾದ ರೌಂಡ್ 2 ಸಂಸ್ಥೆ ಈ ಎರಡೂ ಹೆಸರುಗಳನ್ನು ಕೊಂಡಿತು. ರೆವೆಲ್ ಮತ್ತು ಮಾನೊಗ್ರಾಮ್ 1986ರಲ್ಲಿ ಒಂದಾದವು. 2007ರಿಂದ ಅವುಗಳ ಒಡೆತನ ಹೊಂದಿದ್ದ ಹಾಬಿಕೊ 2018ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಜರ್ಮನಿಯ ಹೂಡಿಕೆ ಸಂಸ್ಥೆಯೊಂದು ರೆವೆಲನ್ನು ಖರೀದಿಸಿತು. ಪ್ರತಿ ಬಾರಿಯೂ ಕೊಂಡವರು ಬೆಲೆ ಕೊಟ್ಟದ್ದು ಮುಖ್ಯವಾಗಿ ಎರಡಕ್ಕೆ: ಹೆಸರಿಗೆ ಮತ್ತು ಅಚ್ಚುಗಳಿಗೆ.

ನಮ್ಮ ಲೆಕ್ಕದ ಪುಸ್ತಕದಲ್ಲಿ

ನಮ್ಮಲ್ಲಿ ಪ್ಲಾಸ್ಟಿಕ್ ಕಾರ್ಖಾನೆಗಳ ಅಚ್ಚುಗಳಿಗೆ 1962ರ ಆದಾಯ ತೆರಿಗೆ ನಿಯಮಗಳು ಶೇ. 30ರ ಸವಕಳಿ ದರ ನೀಡಿದ್ದವು. ಆ ದರದಲ್ಲಿ 10 ಲಕ್ಷ ರೂಪಾಯಿಯ ಅಚ್ಚು ಐದು ವರ್ಷಗಳ ನಂತರ 1,68,070 ರೂಪಾಯಿಗೂ, ಹತ್ತು ವರ್ಷಗಳ ನಂತರ 28,248 ರೂಪಾಯಿಗೂ ಇಳಿಯುತ್ತದೆ. ತೆರಿಗೆಯ ದೃಷ್ಟಿಯಿಂದ ಇದು ಅನುಕೂಲವೇ. ಅಪಾಯವಿರುವುದು ಈ ಅಂಕಿಯನ್ನೇ ಅಚ್ಚಿನ ನಿಜ ಮೌಲ್ಯವೆಂದು ನಂಬುವುದರಲ್ಲಿ. ಪುಸ್ತಕದಲ್ಲಿ ಬೆಲೆಯಿಲ್ಲದ್ದು ಗೋದಾಮಿನ ಮೂಲೆ ಸೇರಿ, ತುಕ್ಕು ಹಿಡಿದು, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ.

ಇನ್ನೊಂದು ಅಪಾಯ ಜಾಬ್ ವರ್ಕ್‌ಗೆ ಕೊಟ್ಟ ಅಚ್ಚುಗಳದ್ದು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 143ನೇ ಕಲಮಿನ ಪ್ರಕಾರ ಕಚ್ಚಾ ಸಾಮಗ್ರಿ ಒಂದು ವರ್ಷದಲ್ಲೂ, ಬಂಡವಾಳ ಸರಕು ಮೂರು ವರ್ಷಗಳಲ್ಲೂ ಮರಳಬೇಕು. ಅಚ್ಚು, ಡೈ, ಜಿಗ್‌ಗಳಿಗೆ ಈ ಗಡುವಿನಿಂದ ವಿನಾಯಿತಿಯಿದೆ. ಕಾನೂನು ಕೇಳದ ಕಾರಣಕ್ಕೇ ಮಾಲೀಕನೂ ಮರೆಯುತ್ತಾನೆ. ವರ್ಷಗಳು ಕಳೆದು ಜಾಬ್ ವರ್ಕರ್‌ನ ಘಟಕ ಮುಚ್ಚಿದಾಗ ಅಚ್ಚು ಯಾರದೆಂಬುದಕ್ಕೆ ಕಾಗದವೇ ಇರುವುದಿಲ್ಲ.

ಆಟಿಕೆ ಮತ್ತು ಮಾದರಿಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ತಲೆಯೆತ್ತಿದೆ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಿಂದ ಅಚ್ಚು ತಯಾರಿಕೆಯಲ್ಲಿ ನುರಿತ ಕೈಗಳು ಹೊರಬರುತ್ತಲೇ ಇವೆ. ಹೊಸ ಅಚ್ಚು ಮಾಡಿಸಲು ಅವಕಾಶ ಕಡಿಮೆಯೇನಿಲ್ಲ. ಮಾಡಿಸಿದ್ದನ್ನು ಉಳಿಸಿಕೊಳ್ಳುವ ಪದ್ಧತಿ ಬೆಳೆಯಬೇಕಾಗಿದೆ.

ಅದಕ್ಕೆ ಬೇಕಾದುದು ದೊಡ್ಡ ವೆಚ್ಚವಲ್ಲ. ಪ್ರತಿ ಅಚ್ಚಿಗೆ ಒಂದು ಸಂಖ್ಯೆ, ಅದರ ನಕ್ಷೆ, ತಯಾರಾದ ದಿನಾಂಕ, ಇದುವರೆಗೆ ಒತ್ತಿದ ಸರಕಿನ ಎಣಿಕೆ, ದುರಸ್ತಿಯ ವಿವರ, ಈಗ ಇರುವ ಸ್ಥಳ ಮತ್ತು ಇರಿಸಿಕೊಂಡವರ ಸಹಿ ಇರುವ ಒಂದು ವಹಿ ಸಾಕು. ಕೆಲಸ ಮುಗಿದೊಡನೆ ಶುಚಿಗೊಳಿಸಿ, ತುಕ್ಕುನಿರೋಧಕ ಬಳಿದು ಇಡುವ ಅಭ್ಯಾಸವಿರಲಿ. ತಿದ್ದುವುದು ಅನಿವಾರ್ಯವಾದರೆ ಬದಲಾಗುವ ಭಾಗವನ್ನು ಪ್ರತ್ಯೇಕ ತುಂಡಾಗಿ ಮಾಡಿಸಿ ಹಳೆಯದನ್ನು ಕಾದಿಡಬಹುದು. ಮಾರ್ಚ್ ಕೊನೆಯಲ್ಲಿ ದಾಸ್ತಾನು ಎಣಿಸುವ ದಿನ, ಪುಸ್ತಕದಲ್ಲಿ ಬೆಲೆ ಕಳೆದುಕೊಂಡ ಅಚ್ಚುಗಳನ್ನೂ ಒಮ್ಮೆ ಕಣ್ಣಾರೆ ನೋಡಿ ಎಣಿಸುವುದು ಲೇಸು.