ಬಸದಿ, ಶಾಸನಗಳ ಫೋಟೋ ತೆಗೆಯುವವರಿಗೆ ಕೆಲವು ಮಾತು



ನಾನು ಇಳಕಲ್ಲಿನ ಸೀರೆ ವ್ಯಾಪಾರಿ. ಫೋಟೋಗ್ರಾಫರ್ ಅಲ್ಲ, ಶಾಸನ ಓದಲೂ ಬರುವುದಿಲ್ಲ. ಆದರೆ ಹುನಗುಂದ, ಬಾದಾಮಿ, ಬಾಗಲಕೋಟೆ ಭಾಗದ ಬಸದಿಗಳ ಮಾಹಿತಿ ಕೂಡಿಸುವ ಕೆಲಸದಲ್ಲಿ ಹದಿನೈದು ವರ್ಷದಿಂದ ಸ್ವಯಂಸೇವಕನಾಗಿ ಓಡಾಡುತ್ತಿದ್ದೇನೆ. ಈ ಓಡಾಟದಲ್ಲಿ ಸಾವಿರಾರು ಫೋಟೋ ತೆಗೆದೆ. ಮೊದಲ ನಾಲ್ಕೈದು ವರ್ಷದವು ಹೆಚ್ಚಿನವು ಕೆಲಸಕ್ಕೆ ಬಾರದವು. ಅವುಗಳಲ್ಲಿ ಒಂದರ ಬಗ್ಗೆ ಹೇಳಿಯೇ ಮುಂದೆ ಹೋಗುತ್ತೇನೆ.

ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಸಣ್ಣ ಬಸದಿ. ಮೂಲ ಬಿಂಬದ ಕೆಳಗಿನ ಪೀಠದಲ್ಲಿ ಮೂರು ಸಾಲಿನ ಹಳೆಯ ಬರಹ ಇತ್ತು. ಕತ್ತಲೆಯ ಗರ್ಭಗುಡಿ, ನನ್ನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ. ಎದುರಿಗೆ ಕುಳಿತು ಫ್ಲ್ಯಾಶ್ ಹೊಡೆದು ಎರಡು ಫೋಟೋ ತೆಗೆದೆ. ಹಿಂದಿನ ಪುಟ್ಟ ಪರದೆಯಲ್ಲಿ ಚೆಂದ ಕಂಡಿತು, ಕ್ಯಾಮೆರಾ ಚೀಲಕ್ಕೆ ಹಾಕಿದೆ. ಎರಡು ವರ್ಷದ ನಂತರ ಜೀರ್ಣೋದ್ಧಾರವಾಯಿತು. ಭಕ್ತಿಯಿಂದಲೇ ಮಾಡಿದರು, ಖರ್ಚೂ ಬಹಳ ಮಾಡಿದರು. ಪೀಠದ ಸುತ್ತ ಪಾಲಿಶ್ ಮಾಡಿದ ಗ್ರಾನೈಟ್ ಕೂರಿಸಿದರು. ಬರಹ ಅದರ ಹಿಂದೆ ಸಿಮೆಂಟಿನಲ್ಲಿ ಸೇರಿಹೋಯಿತು. ನನ್ನ ಫೋಟೋವನ್ನು ಶಾಸನ ಬಲ್ಲ ಒಬ್ಬ ನಿವೃತ್ತ ಗುರುಗಳಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, 'ಸ್ವಸ್ತಿ ಶ್ರೀ ಅಷ್ಟ ಕಾಣ್ತದ್ರಿ ಶೆಟ್ಟರ, ಉಳಿದದ್ದೆಲ್ಲಾ ಬೆಳ್ಳಗ ಹೊಳಿಯಾಕತ್ತೈತಿ' ಅಂದರು. ಯಾರು ಮಾಡಿಸಿದ ಬಿಂಬ, ಯಾವ ವರ್ಷ, ಯಾವ ಗಣದ ಮುನಿಗಳು, ಇದ್ದರೆ ಅದೆಲ್ಲ ಆ ಬಿಳಿ ಕಲೆಯ ಅಡಿ ಇದೆ.

ಫೋಟೋ ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. 1855ರ ಸುಮಾರಿಗೆ ಬ್ರಿಟಿಷ್ ಸೇನಾಧಿಕಾರಿ ಬಿಗ್ಸ್ ಎಂಬುವರು ಐಹೊಳೆ, ಬಾದಾಮಿ ಕಡೆ ತಿರುಗಿ ಫೋಟೋ ತೆಗೆದರು. ಅವರ ಮತ್ತು ಇನ್ನಿಬ್ಬರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಆಗಿನ ದೊಡ್ಡ ಪೆಟ್ಟಿಗೆ ಕ್ಯಾಮೆರಾ, ರಸಾಯನ ಸಾಮಾನುಗಳನ್ನು ಹೊತ್ತು ತಿರುಗಿ ತೆಗೆದ ಚಿತ್ರಗಳಿವು. ಗುಡಿಗಳು ದುರಸ್ತಿಗೆ ಮುಂಚೆ ಹೇಗಿದ್ದವು ಎಂದು ತಿಳಿಯಲು ಇಂದಿಗೂ ಅವನ್ನೇ ನೋಡುತ್ತಾರೆ. ನಮ್ಮ ಕಿಸೆಯ ಮೊಬೈಲು ಅದಕ್ಕಿಂತ ಎಷ್ಟೋ ಪಾಲು ಶಕ್ತಿಯುಳ್ಳದ್ದು. ಹಾಗಾಗಿ ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇದ್ದದ್ದರಲ್ಲೇ ತೆಗೆಯಿರಿ, ಮೊದಲು ಲೆನ್ಸ್ ಒರೆಸಿರಿ. ದೀಪದ ಮಸಿ, ಕೈಯ ಎಣ್ಣೆ ಹತ್ತಿದ ಲೆನ್ಸಿನಿಂದ ತೆಗೆದ ಫೋಟೋ ಮಂಜು ಕವಿದಂತೆ ಬರುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಇನ್ನು ಬೆಳಕಿನ ವಿಷಯ. ಬೇರೆಲ್ಲ ಆಮೇಲೆ.

ಅಂಗಡಿಗೆ ಬಂದ ಹೆಣ್ಣುಮಕ್ಕಳು ಸೀರೆಯ ಬಣ್ಣ ನೋಡಲು ಬಾಗಿಲ ಹೊರಗೆ ಬಿಸಿಲಿಗೆ ಒಯ್ಯುತ್ತಾರೆ. ಆದರೆ ನೇಯ್ಗೆಯಲ್ಲಿ ದೋಷ ಇದೆಯೋ ಇಲ್ಲವೋ ನೋಡಬೇಕಾದರೆ ನಾವು ಹಾಗೆ ಮಾಡುವುದಿಲ್ಲ. ಬಟ್ಟೆಯನ್ನು ಓರೆ ಹಿಡಿದು ಬೆಳಕು ಅದರ ಮೇಲೆ ಸವರಿಕೊಂಡು ಹೋಗುವಂತೆ ಮಾಡುತ್ತೇವೆ. ಆಗ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಶಾಸನದ ಕಲ್ಲೂ ಹಾಗೆಯೇ. ಅಕ್ಷರ ಎಂದರೆ ಕಲ್ಲಿನಲ್ಲಿ ಕೊರೆದ ಸಣ್ಣ ತಗ್ಗು. ಅದಕ್ಕೆ ಬೇರೆ ಬಣ್ಣ ಇಲ್ಲ, ನೆರಳು ಬಿದ್ದರೆ ಮಾತ್ರ ಕಾಣುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ತಗ್ಗಿಗೂ ದಿಬ್ಬಕ್ಕೂ ಒಂದೇ ಬೆಳಕು ಬಿದ್ದು ನೆರಳು ಅಳಿಸಿಹೋಗುತ್ತದೆ. ನಾನು ಮಾಡಿದ ತಪ್ಪು ಇದೇ.

ಆದ್ದರಿಂದ ಫ್ಲ್ಯಾಶ್ ಆರಿಸಿಬಿಡಿ. ಜೊತೆಗೆ ಬಂದವರ ಮೊಬೈಲಿನ ಟಾರ್ಚ್ ಹಚ್ಚಿಸಿ, ಅದನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಗೋಡೆಗೆ ತಾಗುವಷ್ಟು ಓರೆಯಾಗಿ ಹಿಡಿಸಿ. ಕ್ಯಾಮೆರಾ ಮಾತ್ರ ನೇರ ಎದುರಿಗೇ ಇರಲಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಹೀಗೆ ನಾಲ್ಕು ಫೋಟೋ ತೆಗೆಯಿರಿ. ಒಂದು ಸಾಲದೇ ಎಂದು ಕೇಳಬಹುದು. ಸಾಲದು. ಬೆಳಕು ಎಡದಿಂದ ಬಂದರೆ ನಿಂತ ಗೆರೆಗಳು ಕಾಣುತ್ತವೆ, ಅಡ್ಡ ಗೆರೆಗಳು ಮುಚ್ಚಿಹೋಗುತ್ತವೆ. ಮೇಲಿನಿಂದ ಬಂದರೆ ಅಡ್ಡ ಗೆರೆಗಳು ಏಳುತ್ತವೆ. ಹಳಗನ್ನಡ ಅಕ್ಷರದಲ್ಲಿ ತಲೆಕಟ್ಟು, ಕೊಂಬು ಒಂದು ತಪ್ಪಿದರೂ ಹೆಸರೇ ಬದಲಾಗುತ್ತದೆ. ಹೊರಗೆ ಬಿಸಿಲಿದ್ದರೆ ಸಾದಾ ಮುಖ ನೋಡುವ ಕನ್ನಡಿಯಿಂದ ಬಿಸಿಲನ್ನು ಬಾಗಿಲೊಳಗೆ ಓರೆಯಾಗಿ ಹಾಯಿಸಬಹುದು. ಟಾರ್ಚಿಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ.

ಬಯಲಲ್ಲಿರುವ ಶಾಸನಕ್ಕೆ ಸೂರ್ಯನೇ ಟಾರ್ಚು, ನಾವು ಹೊತ್ತು ನೋಡಿ ಹೋಗಬೇಕು ಅಷ್ಟೇ. ಐಹೊಳೆಯ ಮೇಗುತಿ ಜಿನಾಲಯವನ್ನೇ ತೆಗೆದುಕೊಳ್ಳಿ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಕಟ್ಟಿಸಿದ ಬಸದಿ, ಶಕ 556, ಅಂದರೆ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡ, 19 ಸಾಲು. ಹರ್ಷನ ಸೋಲೂ ಅದರಲ್ಲಿದೆ, ಕಾಳಿದಾಸ, ಭಾರವಿಯರ ಹೆಸರೂ ಅದರಲ್ಲಿದೆ. ಶಾಸನ ಇರುವುದು ಪೂರ್ವದ ಹೊರಗೋಡೆಯಲ್ಲಿ. ನಾನು ಇಳಕಲ್ಲಿನಿಂದ ಬೆಳಿಗ್ಗೆ ಐದಕ್ಕೆ ಹೊರಟು ಅಮೀನಗಡದ ಮೇಲೆ ಹೋಗಿ, ಹೊತ್ತು ಹುಟ್ಟುವಾಗಲೇ ಗುಡ್ಡ ಹತ್ತಿ ನಿಂತಿದ್ದೆ. ಬೆಳಗಿನ ಬಂಗಾರದ ಬೆಳಕಿನಲ್ಲಿ ಗೋಡೆ ನೋಡಲು ಬಹಳ ಸೊಗಸು. ಮನೆಗೆ ಬಂದು ನೋಡಿದರೆ ಅಕ್ಷರ ಮಾತ್ರ ಮಸುಕು. ಮೂಡಣ ಗೋಡೆಗೆ ಬೆಳಗಿನ ಸೂರ್ಯ ಎದುರಿಗೇ ಇರುತ್ತಾನೆ, ಅದೇ ಫ್ಲ್ಯಾಶ್ ಹೊಡೆದಂತೆ! ಸೂರ್ಯ ಮೇಲೇರಿದಂತೆ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯತೊಡಗುತ್ತದೆ. ಹನ್ನೊಂದರಿಂದ ಹನ್ನೆರಡರ ಆಸುಪಾಸು ಕಾಯಿರಿ, ಅಕ್ಷರಗಳು ಒಂದೊಂದಾಗಿ ಏಳುತ್ತವೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಹನ್ನೆರಡೂವರೆಯ ಹತ್ತಿರ ಇರುತ್ತದೆ. ಅದು ದಾಟಿದರೆ ಗೋಡೆ ನೆರಳಿಗೆ ಹೋಗುತ್ತದೆ. ಎಲ್ಲ ಫೋಟೋ ಪುಸ್ತಕಗಳೂ ನಡುಹಗಲು ಕ್ಯಾಮೆರಾ ಮುಚ್ಚಿಡಿ ಅನ್ನುತ್ತವೆ. ಮುಖದ ಚಿತ್ರಕ್ಕೆ ಅದು ಸರಿ, ಪೂರ್ವ ಗೋಡೆಯ ಶಾಸನಕ್ಕೆ ಅಲ್ಲ. ಹೋಗುವವರು ನೀರು, ಟೊಪ್ಪಿಗೆ ಒಯ್ಯಿರಿ, ಗುಡ್ಡದ ಮೇಲೆ ಬಿಸಿಲು ಜೋರು. ಬರುವಾಗ ಅಮೀನಗಡದ ಕರದಂಟು ತರುವುದನ್ನು ಮರೆಯಬೇಡಿ.

ಅಕ್ಷರ ಕಾಣಲಿ ಎಂದು ಕೆಲವರು ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ ಹಚ್ಚುತ್ತಾರೆ. ದಯವಿಟ್ಟು ಬೇಡ. ಪುಡಿ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಕೂಡುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ: ಸೀಮೆಸುಣ್ಣದಿಂದ ತಿದ್ದಿದವನು ತಾನು ಊಹಿಸಿದ ಅಕ್ಷರವನ್ನೇ ಬರೆದಿರುತ್ತಾನೆ, ಮುಂದೆ ಫೋಟೋ ಓದುವವರು ಕಲ್ಲನ್ನು ಬಿಟ್ಟು ಅವನನ್ನು ಓದುತ್ತಾರೆ.

ಮೊದಲು ಇಡೀ ಕಲ್ಲಿನ ಒಂದು ಚಿತ್ರ, ನಂತರ ತುಂಡು ತುಂಡಾಗಿ. ಒಂದು ತುಂಡಿನ ಅಂಚು ಮುಂದಿನದರಲ್ಲೂ ಸ್ವಲ್ಪ ಬರಲಿ. ಪಕ್ಕದಲ್ಲಿ ಅಳತೆಯ ಪಟ್ಟಿ ಇಟ್ಟು ಒಂದು, ಇಡದೆ ಒಂದು. ಬೆರಳಿನಿಂದ ಎಳೆದು ಝೂಮ್ ಮಾಡಬೇಡಿ, ಹೆಚ್ಚಿನ ಮೊಬೈಲುಗಳಲ್ಲಿ ಅದು ಬರೀ ಹಿಗ್ಗಿಸುವುದು, ಹೊಸದೇನೂ ಸಿಗುವುದಿಲ್ಲ. ಎರಡು ಹೆಜ್ಜೆ ಹತ್ತಿರ ಹೋಗಿ.

ಬಾದಾಮಿಯ ನಾಲ್ಕನೆಯ ಗುಹೆಯ ಸಮಸ್ಯೆ ಬೇರೆ. ಗುಹೆಗಳು ಉತ್ತರಕ್ಕೆ ತೆರೆದುಕೊಂಡಿವೆ, ಒಳಗೆ ನೇರ ಬಿಸಿಲು ಬರುವುದು ಕಡಿಮೆ. ಹೊರಗೆ ಕಣ್ಣು ಕುಕ್ಕುವ ಆಕಾಶ, ಒಳಗೆ ಮಬ್ಬು. ಕಂಬ, ಆಕಾಶ ಎರಡನ್ನೂ ಸೇರಿಸಿ ತೆಗೆದರೆ ಬಿಂಬ ಕಪ್ಪಾಗುತ್ತದೆ. ಹೊರಗಿನ ಬೆಳಕಿಗೆ ಬೆನ್ನು ಕೊಟ್ಟು ಅಥವಾ ಪಕ್ಕಕ್ಕೆ ಮಾಡಿಕೊಂಡು ನಿಲ್ಲಿ, ಪರದೆಯ ಮೇಲೆ ಬಿಂಬದ ಎದೆಯ ಭಾಗವನ್ನು ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ. ಪಡಸಾಲೆಯ ಪಾರ್ಶ್ವನಾಥ, ಬಾಹುಬಲಿಗಳಿಗೆ ಬೆಳಕು ಒಂದೇ ಪಕ್ಕದಿಂದ ಬೀಳುವುದರಿಂದ ಕಾಲಿಗೆ ಸುತ್ತಿದ ಬಳ್ಳಿ, ಹಾವಿನ ಹೆಡೆ ಚೆನ್ನಾಗಿ ಏಳುತ್ತವೆ. ಇಲ್ಲಿಯ ಬಾಹುಬಲಿಯ ಕೂದಲನ್ನು ತಪ್ಪದೆ ಹತ್ತಿರದಿಂದ ತೆಗೆಯಿರಿ. ಶ್ರವಣಬೆಳಗೊಳದ ಗೊಮ್ಮಟನ ಗುಂಗುರು ಅಲ್ಲ, ಹೆಗಲ ಮೇಲೆ ಇಳಿದ ಜಡೆ. ಮೂಲ ವಿಗ್ರಹದ ಪೀಠದಲ್ಲಿ ಜಕ್ಕವ್ವೆ ಎಂಬಾಕೆಯ ಮರಣವನ್ನು ಹೇಳುವ 12ನೆಯ ಶತಮಾನದ ಬರಹವಿದೆ, ಅನೇಕರು ಅದನ್ನು ನೋಡದೇ ಹೊರಗೆ ಬರುತ್ತಾರೆ. ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಕಂಬಕ್ಕೆ ಬೆನ್ನು ಆನಿಸಿ, ಮೊಳಕೈ ಎರಡನ್ನೂ ಎದೆಗೆ ಒತ್ತಿ, ಉಸಿರು ಬಿಟ್ಟು ತೆಗೆಯಿರಿ. ಪುರಾತನ ಕಂಬ, ಬೆನ್ನ ಚೀಲ ತೆಗೆದು ಆನಿಸಿ. ಬಾದಾಮಿಯ ಮಂಗಗಳಿಗೆ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಫೋಟೋ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಊರ ಬಸದಿಗಳಲ್ಲಿ ಹೆಚ್ಚಾಗಿ ಇರುವುದು ನುಣುಪಾದ ಕರಿಕಲ್ಲಿನ ಅಥವಾ ಬಿಳಿ ಅಮೃತಶಿಲೆಯ ಬಿಂಬ. ಕ್ಯಾಮೆರಾಕ್ಕೆ ಕರಿದು ಕಂಡರೆ 'ಬೆಳಕು ಕಡಿಮೆ' ಎಂದುಕೊಂಡು ಹೆಚ್ಚಿಸಿಬಿಡುತ್ತದೆ, ಕರಿಕಲ್ಲು ಬೂದಿಯಾಗುತ್ತದೆ. ಬಿಳಿದು ಕಂಡರೆ ತಗ್ಗಿಸುತ್ತದೆ, ಅಮೃತಶಿಲೆ ಮಾಸಿದಂತೆ ಬರುತ್ತದೆ. ಪರದೆ ಒತ್ತಿದಾಗ ಬರುವ ಸೂರ್ಯನ ಗುರುತನ್ನು ಕರಿಯದಕ್ಕೆ ಸ್ವಲ್ಪ ಕೆಳಗೆ, ಬಿಳಿಯದಕ್ಕೆ ಸ್ವಲ್ಪ ಮೇಲೆ ಸರಿಸಿ. ತೀರ ಹತ್ತಿರ ನಿಂತು ಕೆಳಗಿನಿಂದ ಮೇಲಕ್ಕೆ ತೆಗೆದರೆ ಪಾದ ದೊಡ್ಡದಾಗಿ ತಲೆ ಸಣ್ಣದಾಗುತ್ತದೆ. ಶಿಲ್ಪಿ ಇಟ್ಟ ಪ್ರಮಾಣವನ್ನು ನಾವು ಕೆಡಿಸಿದ ಹಾಗೆ. ದೂರ ನಿಂತು, ಬಿಂಬದ ಎದೆಯ ಎತ್ತರಕ್ಕೆ ಮೊಬೈಲ್ ತನ್ನಿ. ಗರ್ಭಗುಡಿಯೊಳಗೆ ಹೋಗುವ ಮುಂಚೆ ಉಪಾಧ್ಯೆಯವರನ್ನು ಕೇಳಿ, ಅಭಿಷೇಕ ನಡೆದಾಗ ದೂರ ಇರಿ. ಮುನಿಗಳ ಆಹಾರದ ವೇಳೆ ಕ್ಯಾಮೆರಾ ಬೇಡವೇ ಬೇಡ.

ಲೋಹದ ಸಣ್ಣ ಬಿಂಬಗಳಿದ್ದರೆ ಮಂಡಳಿಯವರ ಒಪ್ಪಿಗೆ ಪಡೆದು ಮುಂದೆ, ಹಿಂದೆ, ಎರಡು ಪಕ್ಕ, ಪೀಠದ ಬರಹ, ಬಿರುಕು ಇದ್ದರೆ ಅದನ್ನೂ ತೆಗೆದಿಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಹಳೆಯ ವಿಗ್ರಹಗಳ ನೋಂದಣಿಗೆ ಫೋಟೋ ಬೇಕೇ ಬೇಕು. ಕಳುವಾದರೆ 'ಇದು ನಮ್ಮದು' ಎಂದು ತೋರಿಸಲು ಬೇರೆ ಏನಿದೆ? ಇಂಥ ಫೋಟೋಗಳನ್ನು ಮಾತ್ರ ಊರಿನ ಹೆಸರಿನೊಂದಿಗೆ ಸ್ಟೇಟಸ್ಸಿಗೆ ಹಾಕಬೇಡಿ. ಕಾವಲಿಲ್ಲದ ಬಸದಿಯ ವಿಳಾಸವನ್ನು ಕಳ್ಳನಿಗೆ ನಾವೇ ಕೊಟ್ಟಂತಾಗುತ್ತದೆ.

ಫೋಟೋ ತೆಗೆದ ಜಾಗದಲ್ಲೇ, ಹೊರಡುವ ಮುಂಚೆ, ಪರದೆಯ ಮೇಲೆ ಹಿಗ್ಗಿಸಿ ಒಂದೊಂದು ಅಕ್ಷರ ನೋಡಿ. ಮಸುಕಾಗಿದ್ದರೆ ಮತ್ತೆ ತೆಗೆಯಿರಿ. ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಊರು, ತಾಲೂಕು, ಬಸದಿಯ ಯಾವ ದಿಕ್ಕಿನ ಗೋಡೆ, ತಾರೀಖು ಬರೆಯಿರಿ. ಮೂಲ ಪ್ರತಿ ಮೊಬೈಲಿನಲ್ಲಿ ಒಂದೇ ಇದ್ದರೆ ಇಲ್ಲ ಎಂದೇ ತಿಳಿಯಿರಿ, ಬೇರೆ ಕಡೆ ಇನ್ನೊಂದು ಇರಲಿ.

ನಿಮ್ಮೂರ ಬಸದಿಯಲ್ಲಿ ಜೀರ್ಣೋದ್ಧಾರದ ಮಾತು ನಡೆದಿದ್ದರೆ ಗ್ರಾನೈಟ್ ಬರುವ ಮುಂಚೆ ಒಮ್ಮೆ ಪೀಠ, ಹೊಸ್ತಿಲು, ಕಂಬದ ಬುಡ ಇಷ್ಟನ್ನು ನಾಲ್ಕು ಕಡೆಯ ಬೆಳಕಿನಲ್ಲಿ ತೆಗೆದಿಡಿ. ಟಾರ್ಚ್ ಹಿಡಿಯಲು ಜನ ಸಿಗದಿದ್ದರೆ ಭಾನುವಾರ ನಾನು ಬರುತ್ತೇನೆ, ಅಂದು ಅಂಗಡಿ ಬಂದ್ ಇರುತ್ತದೆ.