ಒಂದಕ್ಕೆ ಹೋಗಲು ಕಷ್ಟವಾದಾಗ

ವಿಷಯ ನೋಡಿ ನಗು ಬಂದರೆ ಒಮ್ಮೆ ನಕ್ಕುಬಿಡಿ, ಆಮೇಲೆ ಮುಂದೆ ಓದಿ. ನಮ್ಮ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ ಕಡೆ ವಯಸ್ಸಾದವರು ಮಂಡಿ ನೋವಿನ ಬಗ್ಗೆ ಕಟ್ಟೆ ಮೇಲೆ ಕೂತು ಗಂಟೆಗಟ್ಟಲೆ ಮಾತಾಡ್ತಾರೆ. ಶುಗರ್ ಎಷ್ಟಿದೆ ಅಂತ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಹೇಳ್ತಾರೆ. ಮೂತ್ರದ ತೊಂದರೆ ಅಂದ ಕೂಡಲೇ ಮಾತು ನಿಲ್ಲುತ್ತದೆ. ‘ರಾತ್ರಿ ನಾಕೈದು ಸಲ ಏಳಬೇಕಾಗ್ತೈತಿ, ವಯಸ್ಸಾತಲ್ಲ’ ಅಂತ ಅಷ್ಟಕ್ಕೇ ಮುಗಿಸ್ತಾರೆ. ಹೆಚ್ಚಿನವರಲ್ಲಿ ಅದು ನಿಜವಾಗಿಯೂ ವಯಸ್ಸಿನದ್ದೇ. ಕೆಲವರಲ್ಲಿ ಅಲ್ಲ. ನಮ್ಮ ಓಣಿಯ ಒಬ್ಬ ಅಜ್ಜನಿಗೆ ಸೊಂಟ ನೋವು ಅಂತ ಆರು ತಿಂಗಳು ಮುಲಾಮು ಹಚ್ಚಿದ್ದಾಯ್ತು, ಇಂಜೆಕ್ಷನ್ ಹಾಕಿಸಿದ್ದಾಯ್ತು. ಕೊನೆಗೆ ಹುಬ್ಬಳ್ಳಿಯಲ್ಲಿ ಗೊತ್ತಾಗಿದ್ದು, ಪ್ರೊಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆವರೆಗೆ ಹರಡಿದೆ ಅಂತ. ‘ಹರಡಿದ ಮೇಲೆ ಇನ್ನೇನೂ ಮಾಡೋಕಾಗಲ್ಲ’ ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟಿದ್ದರು. ಅದು ತಪ್ಪು. ಯಾಕೆ ತಪ್ಪು ಅಂತ ಹೇಳೋದಕ್ಕೇ ಇದನ್ನು ಬರೀತಿದ್ದೀನಿ. ಜೊತೆಗೆ ಅದೇ ಮೂತ್ರದ ದಾರಿ ಅಪಘಾತದಲ್ಲಿ ಹರಿದರೆ ಹೇಗೆ ಜೋಡಿಸ್ತಾರೆ ಅನ್ನೋದೂ ಬರುತ್ತೆ. ಎರಡನ್ನೂ ನೋಡೋದು ಯುರಾಲಜಿ ಡಾಕ್ಟರೇ, ಎರಡನ್ನೂ ಮುಚ್ಚಿಡೋದು ನಾವೇ.

ಮೊದಲು ಪೈಪ್‌ಲೈನ್ ನೋಡೋಣ. ಎರಡು ಕಿಡ್ನಿ, ಅವುಗಳಿಂದ ಇಳಿಯುವ ಸುಮಾರು 25 ಸೆಂಟಿಮೀಟರಿನ ಎರಡು ತೆಳು ಕೊಳವೆ, ಅಂದರೆ ಯುರೇಟರ್‌ಗಳು. ಕೆಳಗೆ ಮೂತ್ರಕೋಶ ಅನ್ನೋ ಟ್ಯಾಂಕು. ಟ್ಯಾಂಕಿನಿಂದ ಹೊರಗೆ ಹೋಗೋದು ಮೂತ್ರನಾಳ. ಗಂಡಸರಲ್ಲಿ ಟ್ಯಾಂಕಿನ ಬಾಯಿಯ ಕೆಳಗೇ ಪ್ರೊಸ್ಟೇಟ್ ಗ್ರಂಥಿ ಇರುತ್ತೆ. ಸಿಪ್ಪೆ ಸುಲಿಯದ ಚಿಕ್ಕ ಅಡಿಕೆಯಷ್ಟು, ಸುಮಾರು 20 ಗ್ರಾಂ. ಮಣಿಯೊಳಗೆ ದಾರ ಹೋದ ಹಾಗೆ ಮೂತ್ರನಾಳ ಅದರ ನಡುವೆ ಹಾದು ಹೋಗುತ್ತೆ.

ವಯಸ್ಸಾದಂತೆ ಬರುವ ಸಾಮಾನ್ಯ ಊತ ಈ ಮಣಿಯ ಒಳಭಾಗದಲ್ಲಿ, ನಾಳದ ಸುತ್ತಲೇ ಬೆಳೆಯುತ್ತೆ. ಹಾಗಾಗಿ ಬೇಗ ಒತ್ತುತ್ತೆ, ಬೇಗ ಗೊತ್ತಾಗುತ್ತೆ. ಕ್ಯಾನ್ಸರ್ ಹೆಚ್ಚಾಗಿ ಶುರುವಾಗೋದು ಹೊರ ಅಂಚಿನಲ್ಲಿ. ಅಲ್ಲಿ ಬೆಳೆದರೆ ನಾಳಕ್ಕೆ ಏನೂ ಆಗಲ್ಲ, ಮೂತ್ರ ಸಲೀಸಾಗಿ ಹೋಗ್ತಾ ಇರುತ್ತೆ. ಅದು ಸದ್ದಿಲ್ಲದೆ ಮೂಳೆಗೆ, ಅದರಲ್ಲೂ ಬೆನ್ನು ಮತ್ತು ಸೊಂಟದ ಮೂಳೆಗೆ ಹೋಗಿ ಕೂತಿರಬಹುದು. ಅದಕ್ಕೇ ಎಷ್ಟೋ ಜನರಿಗೆ ಮೊದಲ ಲಕ್ಷಣ ಸೊಂಟ ನೋವೇ. ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ಇದೆ. ಸಾಮಾನ್ಯವಾಗಿ 4ರ ಒಳಗಿದ್ದರೆ ಸರಿ ಅಂತಾರೆ. ಮಾಮೂಲಿ ಊತ ಇದ್ದರೂ, ಸೋಂಕು ಆದರೂ ಅದು ಏರುತ್ತೆ, ಆದ್ದರಿಂದ ಸಂಖ್ಯೆ ನೋಡಿದ ಕೂಡಲೇ ಗಾಬರಿ ಬೇಡ. ಖಚಿತವಾಗೋದು ಬಯಾಪ್ಸಿಯಿಂದ, ಎಲ್ಲಿವರೆಗೆ ಹರಡಿದೆ ಅನ್ನೋದು ಸ್ಕ್ಯಾನ್‌ಗಳಿಂದ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಸಿಲಬಸ್ಸಿನಲ್ಲಿ ಇರಬೇಕಾದ ಉದಾಹರಣೆ ಇದು.

ಈ ಕ್ಯಾನ್ಸರಿಗೆ ಇಂಧನ ಟೆಸ್ಟೋಸ್ಟೆರಾನ್, ಗಂಡಸಿನ ಹಾರ್ಮೋನು. ಇದನ್ನು 1941ರಲ್ಲಿ ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ತೋರಿಸಿಕೊಟ್ಟರು. ವೃಷಣ ತೆಗೆದಾಗ ಹರಡಿದ ಕ್ಯಾನ್ಸರ್ ಕೂಡ ಕುಗ್ಗಿತು, ರೋಗಿಗಳ ನೋವು ಇಳಿಯಿತು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಎಂಬತ್ತಕ್ಕೂ ಹೆಚ್ಚು ವರ್ಷ ಆದರೂ ಹರಡಿದ ಪ್ರೊಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಗೆ ಇವತ್ತಿಗೂ ಬುನಾದಿ ಅದೇ.

ಟೆಸ್ಟೋಸ್ಟೆರಾನ್ ತಯಾರಾಗೋದು ಒಂದು ಫೀಡ್‌ಬ್ಯಾಕ್ ಲೂಪಿನಲ್ಲಿ. ಮೆದುಳಿನ ಹೈಪೋಥಲಾಮಸ್ ಒಂದೂವರೆ ಗಂಟೆಗೊಮ್ಮೆ ಅನ್ನಬಹುದಾದ ಲಯದಲ್ಲಿ ಎಲ್‌ಎಚ್‌ಆರ್‌ಎಚ್ ಅನ್ನೋ ಸಂಕೇತವನ್ನು ಪಲ್ಸ್ ಪಲ್ಸ್ ಆಗಿ ಬಿಡುತ್ತೆ. ಅದನ್ನು ಕೇಳಿ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಆರ್ಡರ್ ಕಳಿಸುತ್ತೆ. ಟೆಸ್ಟೋಸ್ಟೆರಾನ್ ಜಾಸ್ತಿಯಾದರೆ ಮೆದುಳು ಸಂಕೇತ ಕಡಿಮೆ ಮಾಡುತ್ತೆ. ಈ ಹಾರ್ಮೋನಿನ ರಚನೆ ಕಂಡುಹಿಡಿದ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಮಿನ್‌ಗೆ 1977ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಈಗ ಕೊಡುವ ಲ್ಯೂಪ್ರೊಲೈಡ್, ಗೊಸೆರೆಲಿನ್ ಇಂಜೆಕ್ಷನ್‌ಗಳು ಆ ಸಂಕೇತದ ನಕಲು. ಕ್ಯಾನ್ಸರಿಗೆ ಇಂಧನ ನಿಲ್ಲಿಸಬೇಕು ಅಂತ ಹೋಗಿ ಇಂಧನ ತಯಾರಿಸು ಅನ್ನೋ ಸಂಕೇತವನ್ನೇ ಚುಚ್ಚೋದಾ? ಹೌದು. ಪಲ್ಸ್ ಬದಲು ಬಿಟ್ಟೂಬಿಡದೆ ಸಂಕೇತ ಬಂದರೆ ಪಿಟ್ಯುಟರಿ ಮೊದಲು ಒಂದೆರಡು ವಾರ ಜೋರಾಗಿ ಕೆಲಸ ಮಾಡಿ, ಆಮೇಲೆ ಕಿವಿ ಮುಚ್ಚಿಕೊಂಡುಬಿಡುತ್ತೆ. ಪಕ್ಕದ ಮನೆಯ ಟಿವಿ ದಿನವಿಡೀ ಕೂಗ್ತಿದ್ದರೆ ನಮಗೆ ಕೇಳಿಸೋದೇ ನಿಲ್ಲುತ್ತಲ್ಲ, ಹಾಗೆ. ಮೂರ್ನಾಲ್ಕು ವಾರದಲ್ಲಿ ಟೆಸ್ಟೋಸ್ಟೆರಾನ್ ತಳ ಸೇರುತ್ತೆ.

ಆ ಮೊದಲ ಎರಡು ವಾರದ ಏರಿಕೆಯೇ ಅಪಾಯ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದರೆ ಅದು ಹಿಗ್ಗಿ ಬೆನ್ನುಹುರಿಯನ್ನು ಒತ್ತಬಹುದು. ಅದಕ್ಕೆ ಬೈಕಲುಟಮೈಡ್ ಥರದ ಮಾತ್ರೆಯನ್ನು ಜೊತೆಗೆ ಕೊಡ್ತಾರೆ, ಅಥವಾ ಏರಿಕೆಯೇ ಇಲ್ಲದ ಡೆಗರೆಲಿಕ್ಸ್ ಇಂಜೆಕ್ಷನ್ ಬಳಸ್ತಾರೆ. ಕ್ಯಾನ್ಸರ್ ಇರುವವರಿಗೆ ಇದ್ದಕ್ಕಿದ್ದಂತೆ ಕಾಲಿನ ಬಲ ಹೋದರೆ, ಜೋಮು ಹಿಡಿದರೆ, ಮೂತ್ರ ನಿಂತರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ಸಂತೆ ಮುಗಿಸಿಕೊಂಡು ಹೋಗೋಣ ಅಂದರೆ ನಡೆಯೋ ಶಕ್ತಿ ವಾಪಸ್ ಬರದೇ ಇರಬಹುದು.

ಇನ್ನೊಂದು ದಾರಿ ಹಳೆಯದೇ, ಆಪರೇಷನ್ ಮಾಡಿ ವೃಷಣ ತೆಗೆಯೋದು. ಚಿಕ್ಕ ಆಪರೇಷನ್, ಖರ್ಚು ಕಡಿಮೆ, ಕೆಲವೇ ಗಂಟೆಗಳಲ್ಲಿ ಹಾರ್ಮೋನು ಇಳಿಯುತ್ತೆ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಹುಬ್ಬಳ್ಳಿ ಬಸ್ ಹತ್ತೋದು ತಪ್ಪುತ್ತೆ. ಆದರೆ ಊರಲ್ಲಿ ಇದನ್ನು ಹೇಳಿದರೆ ‘ನನ್ನನ್ನೇನ ಎತ್ತು ಅಂತ ತಿಳಕೊಂಡೀರೇನು?’ ಅನ್ನೋ ಮಾತು ಬರುತ್ತೆ. ಆ ನೋವನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ. ನನ್ನ ಪ್ರಕಾರ ಮಗನೋ ಅಳಿಯನೋ ನಿರ್ಧಾರ ಮಾಡೋದಲ್ಲ, ಎರಡೂ ದಾರಿಯ ಲೆಕ್ಕವನ್ನು ರೋಗಿಗೇ ಬಿಡಿಸಿ ಹೇಳಬೇಕು. ಇಂಜೆಕ್ಷನ್ ಆರಿಸಿಕೊಂಡರೆ ದಿನ ತಪ್ಪಿಸಬಾರದು, ಡೋಸು ತಡವಾದರೆ ಲೂಪು ಮತ್ತೆ ಎಚ್ಚರಾಗುತ್ತೆ. ಎರಡರಲ್ಲೂ ಮೈ ಬಿಸಿಯಾಗೋದು, ಸುಸ್ತು, ಲೈಂಗಿಕ ಆಸಕ್ತಿ ಕಡಿಮೆಯಾಗೋದು, ಮೂಳೆ ಸವೆಯೋದು ಇದ್ದದ್ದೇ. ದಿನಾ ನಡೆಯೋದು, ಡಾಕ್ಟರು ಹೇಳಿದಂತೆ ಕ್ಯಾಲ್ಸಿಯಂ ತಗೊಳ್ಳೋದು ಚಿಕಿತ್ಸೆಯ ಭಾಗವೇ.

ಇಷ್ಟು ಮಾಡಿದರೂ ಕೆಲ ವರ್ಷಗಳಲ್ಲಿ ಕ್ಯಾನ್ಸರ್ ಉಪಾಯ ಕಲಿಯುತ್ತೆ. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಬರುವ ಚೂರುಪಾರು ಹಾರ್ಮೋನನ್ನೇ ಹೆಕ್ಕುತ್ತೆ, ಕೆಲವೊಮ್ಮೆ ತಾನೇ ತಯಾರಿಸಿಕೊಳ್ಳುತ್ತೆ. 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಅಬಿರಾಟೆರೋನ್ ಆ ತಯಾರಿಕೆಯ ಕಿಣ್ವವನ್ನೇ ತಡೆಯುತ್ತೆ. 2012ರ ಎನ್ಜಲುಟಮೈಡ್ ಕ್ಯಾನ್ಸರ್ ಕೋಶದ ಬೀಗಕ್ಕೆ ಕೀಲಿ ಹೋಗದಂತೆ ಮಾಡುತ್ತೆ. ಡೊಸಿಟಾಕ್ಸೆಲ್ ಅನ್ನೋ ಕೀಮೋ ಇದೆ, ಮೂಳೆ ನೋವಿಗೆ ರೇಡಿಯೇಷನ್ ಇದೆ. ಕಳೆದ ಹತ್ತು ಹನ್ನೆರಡು ವರ್ಷಗಳ ದೊಡ್ಡ ಬದಲಾವಣೆ ಏನಪ್ಪಾ ಅಂದರೆ, ಇವನ್ನು ಕೊನೆಗೆ ಅಂತ ಎತ್ತಿಡದೆ ಶುರುವಿನಲ್ಲೇ ಹಾರ್ಮೋನ್ ಚಿಕಿತ್ಸೆಯ ಜೊತೆ ಕೊಟ್ಟರೆ ರೋಗಿಗಳು ಹೆಚ್ಚು ಕಾಲ ಬದುಕ್ತಾರೆ ಅಂತ ದೊಡ್ಡ ಪ್ರಯೋಗಗಳಲ್ಲಿ ಕಂಡುಬಂತು. ಅಬಿರಾಟೆರೋನನ್ನು ಈಗ ಭಾರತದ ಕಂಪನಿಗಳೂ ಮಾಡುತ್ತವೆ. ಪೂರ್ತಿ ವಾಸಿ ಅಂತ ಹೇಳಲಾಗದು. ಆದರೆ ಮಂಚ ಹಿಡಿದವರು ಎದ್ದು ಹೊಲದ ಬದುವಿನವರೆಗೆ ನಡೆದು ಬರೋದು, ಹಾಗೇ ವರ್ಷಗಟ್ಟಲೆ ಇರೋದು ಸಾಧ್ಯ.

ಈಗ ಹರಿದ ನಾಳದ ಕಥೆ. ಇದು ಅಜ್ಜಂದಿರದ್ದಲ್ಲ, ಬೈಕ್ ಓಡಿಸೋ ನಮ್ಮ ವಯಸ್ಸಿನವರದ್ದು. ಸೀಸನ್ನಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರೇಲರುಗಳಿಗೆ ಹಿಂದೆ ಲೈಟೇ ಇಲ್ಲದಿದ್ದರೆ ರಾತ್ರಿ ಏನಾಗುತ್ತೆ ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ಸೊಂಟದ ಮೂಳೆ ಮುರಿದಾಗ ಪ್ರೊಸ್ಟೇಟಿನ ಸ್ವಲ್ಪ ಕೆಳಗೆ ಮೂತ್ರನಾಳ ಕತ್ತರಿಸಿ ಹೋಗಬಹುದು. ತುದಿಯಲ್ಲಿ ರಕ್ತ ಕಾಣುತ್ತೆ, ಹೊಟ್ಟೆ ಉಬ್ಬಿದರೂ ಮೂತ್ರ ಬರಲ್ಲ. ಆಗ ಕೆಳಗಿನಿಂದ ಬಲವಂತವಾಗಿ ಕ್ಯಾಥೆಟರ್ ತೂರಿಸಬಾರದು, ಅರ್ಧ ಹರಿದದ್ದು ಪೂರ್ತಿ ಹರಿಯುತ್ತೆ. ಮೊದಲು ನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೀತಾರೆ. ಹರಿದಿದ್ದರೆ ಸಾಮಾನ್ಯವಾಗಿ ಕಿಬ್ಬೊಟ್ಟೆಯಿಂದ ನೇರ ಮೂತ್ರಕೋಶಕ್ಕೆ ನಳಿಗೆ ಹಾಕಿ, ಸುಮಾರು ಮೂರು ತಿಂಗಳು ಕಾಯ್ತಾರೆ. ಈ ಕಾಯೋದು ಮನೆಯವರಿಗೆ ಅರ್ಥವೇ ಆಗಲ್ಲ, ‘ಡಾಕ್ಟರು ಕೈಬಿಟ್ಟರು’ ಅಂದುಕೊಳ್ತಾರೆ. ಊತ, ರಕ್ತ ಎಲ್ಲ ಇಂಗಿ ಗಾಯ ಗಟ್ಟಿಯಾಗದೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಹೊಲಿಯಬೇಕು ಅಂತ ಗೊತ್ತಾಗಲ್ಲ. ಆಮೇಲೆ ಗಾಯದ ಗಂಟು ತೆಗೆದು, ಎರಡೂ ತುದಿ ಬಿಡಿಸಿಕೊಂಡು, ಎಳೆತವೇ ಇಲ್ಲದಂತೆ ಜೋಡಿಸ್ತಾರೆ. ಎಳೆದು ಕೂರಿಸಿದ ಜಾಯಿಂಟ್ ಸೋರುತ್ತೆ ಅನ್ನೋದು ಪ್ಲಂಬರಿಗೂ ಗೊತ್ತು. ಪಳಗಿದ ಕೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮೊದಲ ಸಲಕ್ಕೇ ಯಶಸ್ವಿ. ಮೊದಲನೆಯದು ಕೆಟ್ಟರೆ ಎರಡನೆಯದು ಕಷ್ಟ, ಆದ್ದರಿಂದ ಈ ಆಪರೇಷನ್ನನ್ನು ಆಗಾಗ ಮಾಡುವ ಕಡೆಗೇ ಹೋಗಬೇಕು.

ಬಂಡಿ ಮೂಕಿ ಮೇಲೋ ಸೈಕಲ್ ಬಾರ್ ಮೇಲೋ ಕಾಲು ಎರಡೂ ಕಡೆ ಮಾಡಿ ಬಿದ್ದರೆ ನಾಳ ಜಜ್ಜಿ, ತಿಂಗಳುಗಳ ನಂತರ ಸಣ್ಣಗಾಗುತ್ತೆ, ಧಾರೆ ದಾರದಷ್ಟಾಗುತ್ತೆ. ಪದೇ ಪದೇ ರಾಡ್ ಹಾಕಿ ಹಿಗ್ಗಿಸಿಕೊಂಡೇ ವರ್ಷ ಕಳೆಯೋರಿದ್ದಾರೆ, ಪ್ರತಿ ಸಲವೂ ಹೊಸ ಗಾಯ. ಸಣ್ಣಗಾದ ಭಾಗ ಉದ್ದವಾಗಿದ್ದರೆ ಕೆನ್ನೆಯ ಒಳಗಿನ ಚರ್ಮ ತಂದು ತೇಪೆ ಹಾಕ್ತಾರೆ. ಕೆನ್ನೆಯೇ ಯಾಕೆ? ಅಲ್ಲಿ ಕೂದಲಿಲ್ಲ, ಯಾವಾಗಲೂ ಒದ್ದೆ ಇದ್ದು ಅಭ್ಯಾಸ, ತೆಗೆದ ಜಾಗ ಬೇಗ ಮಾಯುತ್ತೆ. ತೇಪೆ ಮೊದಲ ಎರಡು ದಿನ ಕೆಳಗಿನ ದ್ರವ ಹೀರಿ ಬದುಕುತ್ತೆ, ಮುಂದಿನ ಎರಡು ದಿನದಲ್ಲಿ ರಕ್ತನಾಳಗಳು ಕೂಡಿಕೊಳ್ಳುತ್ತವೆ. ನಾಳವನ್ನು ಒಂದೇ ಬದಿಯಿಂದ ಬಿಡಿಸಿ, ಇನ್ನೊಂದು ಬದಿಯ ರಕ್ತ ಸಂಚಾರ ಉಳಿಸಿ ತೇಪೆ ಹಾಕುವ ವಿಧಾನಕ್ಕೆ ಪುಣೆಯ ಡಾ. ಸಂಜಯ ಕುಲಕರ್ಣಿ ಅವರ ಹೆಸರಿದೆ, 2009ರಲ್ಲಿ ಪ್ರಕಟವಾದದ್ದು. ಆದರೆ ಗುಟ್ಕಾ ಜಗಿದು ಜಗಿದು ಬಾಯಿ ತೆರೆಯೋಕೇ ಆಗದಷ್ಟು ಕೆನ್ನೆ ಬಿಗಿದವರಿಗೆ ಈ ತೇಪೆ ಸಿಗಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಗಿದೆ. ಪಾನ್ ಮಸಾಲ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು ಮಾಡಿ ಮಾರ್ತಾರೆ, ಅದು ಬೇರೆ ಲೇಖನ.

ಹೆಣ್ಣುಮಕ್ಕಳಿಗೂ ಇದು ತಪ್ಪಿದ್ದಲ್ಲ. ಗರ್ಭಕೋಶದ ರಕ್ತನಾಳದ ಸರಿ ಕೆಳಗೆ ಯುರೇಟರ್ ಹಾದು ಹೋಗುತ್ತೆ, ಸೇತುವೆ ಕೆಳಗೆ ಹಳ್ಳ ಹರಿದ ಹಾಗೆ. ಗರ್ಭಕೋಶ ತೆಗೆಯುವಾಗ ಅದಕ್ಕೆ ಗಾಯ ಆಗಬಹುದು. ಆಪರೇಷನ್ ಆದ ಮೇಲೆ ಪಕ್ಕೆ ನೋವು, ಜ್ವರ, ಅಥವಾ ಸದಾ ಒದ್ದೆಯಾಗ್ತಾ ಇದ್ದರೆ ಸುಮ್ಮನಿರಬಾರದು. ಯುರೇಟರನ್ನು ಮೂತ್ರಕೋಶಕ್ಕೆ ಹೊಸ ಜಾಗದಲ್ಲಿ ಜೋಡಿಸಬಹುದು. ದೂರ ಸಾಲದಿದ್ದರೆ ಮೂತ್ರಕೋಶವನ್ನೇ ಮೇಲೆಳೆದು ಸ್ನಾಯುವಿಗೆ ಕಟ್ಟುತ್ತಾರೆ. ಒಳಗೆ ಡಿಜೆ ಸ್ಟೆಂಟ್ ಇಡ್ತಾರೆ. ಗಣಪತಿ ವಿಸರ್ಜನೆಯ ಡಿಜೆ ಅಲ್ಲ, ಎರಡು ತುದಿಯೂ ಜೆ ಆಕಾರದಲ್ಲಿ ಬಾಗಿದ ಕೊಳವೆ. ನೋವು ಹೋಯ್ತು ಅಂತ ಅದನ್ನು ಮರೆತುಬಿಡೋರು ಬಹಳ. ತೆಗೆಸದಿದ್ದರೆ ಅದರ ಮೇಲೇ ಕಲ್ಲು ಕಟ್ಟುತ್ತೆ.

ಸಾಂಬ್ರಾಣಿಯಿಂದ ಎಲ್ಲಿಗೆ ಅಂದರೆ, ನಮ್ಮ ಜಿಲ್ಲಾಕೇಂದ್ರ ಕಾರವಾರವಾದರೂ ಕಾಲು ಎಳೆಯೋದು ಹುಬ್ಬಳ್ಳಿ ಧಾರವಾಡದ ಕಡೆಗೇ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅಂತ ಹೆಸರಿದ್ದ ಸರ್ಕಾರಿ ಆಸ್ಪತ್ರೆ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಪತ್ರ ಮಾಡಿಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್, ಹಳೆಯ ಪಿಎಸ್‌ಎ ರಿಪೋರ್ಟುಗಳೆಲ್ಲ ಒಂದೇ ಚೀಲದಲ್ಲಿರಲಿ. ಮುಂದಿನ ಇಂಜೆಕ್ಷನ್ ಅಥವಾ ಸ್ಟೆಂಟ್ ತೆಗೆಸುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ದೊಡ್ಡದಾಗಿ ಬರೆದಿಡಿ.